ಮೊಯಾನಿಬಾ ಬಿಟ್ಟುಕೊಡದ ಜಾಗ

ತೆಕಾಯ್ ತೀರಿಕೊಂಡ ಮೇಲೆ ಊರ ಸಭೆ ಸೇರುವ ಮಾನೆಯಾಬಾದಲ್ಲಿ ಅವನ ಜಾಗ ಖಾಲಿ ಬಿತ್ತು. ಮೂಡಣ ಮಗ್ಗುಲಲ್ಲಿ, ಸೂರು ಹೊತ್ತ ತುದಿಯ ಹವಳಕಲ್ಲಿಗೆ ಬೆನ್ನು ಕೊಟ್ಟು ಕೂರುವ ಜಾಗ ಅದು. ಅವನಪ್ಪ ಕೂತಿದ್ದು ಅಲ್ಲೇ, ಅಜ್ಜ ಕೂತಿದ್ದೂ ಅಲ್ಲೇ. ನಮ್ಮ ದ್ವೀಪದಲ್ಲಿ ಮನುಷ್ಯನಿಗೆ ಮನೆಯಿಲ್ಲದಿದ್ದರೆ ಹೇಗೋ ನಡೆಯುತ್ತದೆ, ಮಾನೆಯಾಬಾದಲ್ಲಿ ಜಾಗವಿಲ್ಲದಿದ್ದರೆ ನಡೆಯುವುದಿಲ್ಲ. ಊರಿನ ಮಾತೆಲ್ಲ ಆಗುವುದು ಗೋಡೆಯಿಲ್ಲದ ಆ ದೊಡ್ಡ ಸೂರಿನಡಿ. ಯಾರ ಕೆಸು ಬೆಳೆಯುವ ಗುಂಡಿ ಯಾರಿಗೆ, ಯಾವ ತಿಂಗಳು ಯಾವ ಮೀನಿಗೆ ಬಲೆ ಬಿಡಬಾರದು, ಓಡಿಹೋದ ಹುಡುಗಿಯನ್ನು ಮನೆಗೆ ಸೇರಿಸಬೇಕೋ ಬೇಡವೋ, ಸರ್ಕಾರಕ್ಕೆ ಏನು ಹೇಳಿ ಕಳಿಸಬೇಕು, ಎಲ್ಲವೂ. ಒಂದೊಂದು ಮನೆತನಕ್ಕೆ ಒಂದೊಂದು ಜಾಗ, ಒಂದೊಂದು ಕಲ್ಲು, ಒಂದೊಂದು ಕೆಲಸ. ಸಭೆಯ ಮೊದಲ ಮಾತು ಒಬ್ಬರದು, ಊಟ ಹಂಚುವುದು ಇನ್ನೊಬ್ಬರದು. ತೆಕಾಯ್‌ನ ಮನೆತನದ್ದು ಹೊರಗಿನವರನ್ನು ಕೂರಿಸುವ ಕೆಲಸ. ಪರಸ್ಥಳದವನು ಯಾರೇ ಬರಲಿ, ಮೊದಲು ಆ ಜಾಗದಲ್ಲಿ ಕೂತು ಎಳನೀರು ಕುಡಿಯಬೇಕು. ಆ ಜಾಗದವರು ಅವನ ಹೆಸರು ಹೇಳಿ ‘ಇವನು ನಮ್ಮವನು’ ಎಂದ ಮೇಲೆಯೇ ಅವನು ಬಾಯಿ ತೆರೆಯಬಹುದು.

ತೆಕಾಯ್‌ಗೆ ಮದುವೆಯಾಗಿರಲಿಲ್ಲ. ಆ ಮನೆತನದಲ್ಲಿ ಉಳಿದವಳು ಅವನ ಅಕ್ಕ ಮೊಯಾನಿಬಾ ಒಬ್ಬಳೇ. ನನ್ನ ಚಿಕ್ಕಪ್ಪನ ಹೆಂಡತಿ, ಹಾಗಾಗಿ ನನಗೆ ಚಿಕ್ಕಮ್ಮ. ಚಿಕ್ಕಪ್ಪ ಮೀನಿಗೆಂದು ಹೊರಗಡಲಿಗೆ ಹೋದವನು ಮರಳಲಿಲ್ಲ, ದೋಣಿಯೂ ಸಿಗಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಚಿಕ್ಕಮ್ಮ ಗಿಡ್ಡ ಆಳು, ಭುಜ ಮಾತ್ರ ಗಂಡಸರ ಹಾಗೆ ಅಗಲ. ಕೇದಗೆ ಗರಿಯನ್ನು ಕೋಲಿಗೆ ಮಡಚಿ ಪೋಣಿಸಿ ಸೂರಿನ ಹೊದಿಕೆ ಮಾಡುವುದು ಅವಳ ಕೆಲಸ. ಊರಿನ ಅರ್ಧ ಮನೆಗಳು ಅವಳ ಹೊದಿಕೆಯಡಿ ಮಲಗುತ್ತಿದ್ದವು. ಚುಟ್ಟ ಸದಾ ಬಾಯಲ್ಲಿ. ನಕ್ಕರೆ ಒಳಗಡಲಿನ ಆಚೆ ದಡದ ಹಕ್ಕಿ ಏಳಬೇಕು. ಸಿಟ್ಟು ಬಂದರೆ ಇನ್ನೂ ಜೋರಾಗಿ ನಗುತ್ತಿದ್ದಳು. ಅವಳು ನಗುತ್ತ ಬರುವುದನ್ನು ಕಂಡು ದಾರಿ ಬದಲಿಸಿದ ಗಂಡಸರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ.

ಮಾನೆಯಾಬಾದಲ್ಲಿ ಮಾತ್ರ ಅವಳು ಕೂರುತ್ತಿದ್ದದ್ದು ನಮ್ಮ ಮನೆತನದ ಗಂಡಸರ ಹಿಂದೆ, ಉಳಿದ ಹೆಂಗಸರ ಜೊತೆ. ಅಲ್ಲಿಂದ ಎಲ್ಲ ಕಾಣುತ್ತದೆ, ಎಲ್ಲ ಕೇಳುತ್ತದೆ. ಮಾತಾಡುವಂತಿಲ್ಲ, ಅಷ್ಟೇ. ಅಲ್ಲಿ ಕೂತೇ ಅವಳು ಗಮನಿಸಿದ್ದು: ತೆಕಾಯ್‌ನ ಪಕ್ಕದ ಜಾಗದ ಕಬುನಾರೆಯ ಚಾಪೆ ಸಭೆಯಿಂದ ಸಭೆಗೆ ಅಗಲವಾಗುತ್ತಿದೆ.

ಕಬುನಾರೆ ಕೆಟ್ಟವನಲ್ಲ. ಒಳ್ಳೆಯ ಮಾತುಗಾರ, ತುಂಬಿದ ಮನೆ, ಗಟ್ಟಿ ಗಂಡುಮಕ್ಕಳು. ಅವನಜ್ಜಿ ಹುಟ್ಟಿದ್ದು ತೆಕಾಯ್‌ನ ಮನೆತನದಲ್ಲಿ. ಖಾಲಿ ಜಾಗ ತನಗೆ ಬರಬೇಕಾದ್ದೇ ಎಂದು ಅವನು ಮನಸಾರೆ ನಂಬಿದ್ದ. ಒಂದು ಬೆಳಿಗ್ಗೆ ದೋಣಿ ತಂಗುವ ಕಡೆ ಚಿಕ್ಕಮ್ಮ ಅವನನ್ನು ಹಿಡಿದಳು. ನಾನು ಬಲೆಯ ತೂತು ಮುಚ್ಚುತ್ತ ಅಲ್ಲೇ ಕೂತಿದ್ದೆ.

“ಅಣ್ಣಾ, ನಿನ್ನ ಚಾಪೆ ಬಸುರಾಗಿದ್ಯಾ? ಸಭೆಯಿಂದ ಸಭೆಗೆ ಹೊಟ್ಟೆ ಮುಂದೆ ಬರ್ತಿದೆ.”

ಕಬುನಾರೆ ನಕ್ಕ. “ಖಾಲಿ ಜಾಗ ಕಣೆ. ನಂಗೆ ಮೊಮ್ಮಕ್ಕಳು ಜಾಸ್ತಿ ಆಗಿದಾರೆ. ಎಲ್ಲಿ ಕೂರ್ಸ್ಲಿ ಹೇಳು?”

“ಖಾಲಿ ಅಂತ ಯಾರು ಹೇಳಿದ್ರು?”

“ಗಂಡಸು ಇಲ್ದಿದ್ಮೇಲೆ ಖಾಲೀನೇ. ಯಾರೋ ಕಂಡೋರಿಗೆ ಹೋಗೋದಕ್ಕಿಂತ ರಕ್ತಸಂಬಂಧ ಇರೋ ನಂಗೆ ಬರ್ಲಿ ಬಿಡು. ನೀನು ಬಂದು ನಮ್ಮ ಹಿಂದೆ ಕೂತ್ಕೊ. ಬೇಡ ಅಂತೀನಾ?”

“ನಿನ್ನ ಹಿಂದೆ ಕೂತ್ರೆ ನಿನ್ನ ಬೆನ್ನು ಕಾಣತ್ತೆ. ಹುಟ್ಟಿದಾಗಿನಿಂದ ಗಂಡಸರ ಬೆನ್ನು ನೋಡ್ತಾನೇ ಇದೀನಿ ಅಣ್ಣಾ. ಅದರಲ್ಲಿ ನೋಡೋಂಥದ್ದು ಏನೂ ಇಲ್ಲ.”

ಹಾಗೆಂದು ಅವಳು ನಕ್ಕಳು. ಕಬುನಾರೆ ದೋಣಿ ತಳ್ಳಿಕೊಂಡು ಹೊರಟ.

ಮುಂದಿನ ಸಭೆಯ ದಿನ ಹಿರಿಯರೆಲ್ಲ ಬಂದು ಕೂತಾಗಿತ್ತು. ಚಿಕ್ಕಮ್ಮ ಕಂಕುಳಲ್ಲಿ ಸುರುಳಿ ಚಾಪೆ ಹಿಡಿದು ಮೂಡಣ ಕಡೆಯಿಂದ ಸೂರಿನಡಿ ಬಗ್ಗಿ ಒಳಗೆ ಬಂದಳು. ಹೆಂಗಸರ ಕಡೆ ತಿರುಗಲಿಲ್ಲ. ನೇರ ತುದಿಯ ಕಲ್ಲಿನ ಹತ್ತಿರ ಹೋಗಿ, ಕಬುನಾರೆಯ ಚಾಪೆಯ ಅಂಚನ್ನು ಎರಡು ಬೆರಳಿಂದ ಎತ್ತಿ ಮಡಚಿ ಅವನ ಕಡೆಗಿಟ್ಟು, ತನ್ನ ಚಾಪೆ ಹಾಸಿ, ಕಲ್ಲಿಗೆ ಬೆನ್ನು ಕೊಟ್ಟು ಚಕ್ಕಳಮಕ್ಕಳ ಹಾಕಿ ಕೂತಳು. ಯಾರೋ ಕೆಮ್ಮಿದರು.

ಸಭೆಯ ಮೊದಲ ಮಾತು ತೆಬೌ ಅಜ್ಜನದು. ಊರಿಗೇ ಹಿರಿಯ, ಹಲ್ಲಿಲ್ಲ, ಆದರೆ ಒಂದು ಮಾತೂ ಜಾರುತ್ತಿರಲಿಲ್ಲ.

“ಮೊಯಾನಿಬಾ, ದಾರಿ ತಪ್ಪಿ ಕೂತ್ಯೇನಮ್ಮ?”

“ಇಲ್ಲ ಅಜ್ಜ. ನಮ್ಮಪ್ಪ ಕೂತ ಕಲ್ಲು ಇದೇ ಅಲ್ವಾ?”

“ಕಲ್ಲು ಅದೇ. ಹೆಂಗಸಿನ ಮಾತು ಮನೇಲಿ. ಗಂಡನಿಗೆ ಹೇಳ್ತಾಳೆ, ಗಂಡ ಅದನ್ನ ಇಲ್ಲಿ ತಂದು ಹೇಳ್ತಾನೆ. ಅದೇ ಅಲ್ವಾ ಪದ್ಧತಿ?”

“ನನ್ನ ಗಂಡ ಸಮುದ್ರದ ತಳದಲ್ಲಿದಾನೆ. ನಿಮ್ಮಲ್ಲಿ ಯಾರಾದ್ರೂ ಹೋಗಿ ಅವನ್ನ ಕೇಳ್ಕೊಂಡು ಬರ್ತೀರಾ? ಕಾಯ್ತೀನಿ.”

ಹೆಂಗಸರ ಕಡೆಯಿಂದ ಕಿಸಕ್ಕೆಂದು ಒಂದು ನಗು ಬಂದು ಅಲ್ಲೇ ಅಡಗಿತು. ಕಬುನಾರೆ ಮಂಡಿಯ ಮೇಲೆದ್ದ. ಇದು ತಮಾಷೆಯಲ್ಲ, ಹಿರಿಯರಿಗೆ ಮಾಡಿದ ಅವಮಾನ, ದಂಡ ಹಾಕಲೇಬೇಕು ಎಂದ. ಹಿರಿಯರು ತಲೆದೂಗಿದರು. ಮಾನೆಯಾಬಾದ ಕಟ್ಟಳೆ ಮುರಿದವರಿಗೆ ದಂಡ ಒಂದು ಹಂದಿ. ಅದನ್ನು ಬೇಯಿಸಿ ಸಭೆಯಲ್ಲೇ ಹಂಚುತ್ತಾರೆ. ಚಿಕ್ಕಮ್ಮ ಎದ್ದು ಹೋದಳು, ಹಂದಿಯನ್ನು ಹಗ್ಗ ಹಾಕಿ ಎಳೆದು ತಂದಳು, ಕೊಟ್ಟಳು, ಬಂದು ಅದೇ ಜಾಗದಲ್ಲಿ ಕೂತಳು. ದಂಡ ಕಟ್ಟಿದವಳನ್ನು ಏಳು ಎನ್ನಲು ಯಾರಿಗೂ ತೋಚಲಿಲ್ಲ. ಮಾಂಸ ಬೆಂದಿತು, ಎಲ್ಲರೂ ತಿಂದರು, ಸಭೆ ಮುಗಿಯಿತು.

ಅದರ ಮುಂದಿನ ಸಭೆಗೆ ಅವಳು ಹಂದಿಯನ್ನು ಮೊದಲೇ ತಂದು ಹೊರಗಿನ ತೆಂಗಿನ ಮರಕ್ಕೆ ಕಟ್ಟಿಯೇ ಒಳಗೆ ಬಂದಳು. “ದಂಡ ಅಲ್ಲಿದೆ. ಇನ್ನು ಮಾತು ಶುರು ಮಾಡಿ” ಎಂದಳು.

ಹಿರಿಯರು ಮುಖಮುಖ ನೋಡಿಕೊಂಡರು. ಹಂದಿ ಹೊರಗೆ ಕಿರುಚುತ್ತಿತ್ತು. ತಿನ್ನುವುದು ಬಿಡುವುದು ಎರಡೂ ಅವರಿಗೆ ಕಷ್ಟವಾಯಿತು. ತಿಂದರು.

ಹೀಗೆ ಕೆಲವು ಸಭೆ ಕಳೆಯುವಷ್ಟರಲ್ಲಿ ಚಿಕ್ಕಮ್ಮನ ಹಂದಿದೊಡ್ಡಿ ಬರಿದಾಯಿತು. ಕಬುನಾರೆ ಅದನ್ನು ಲೆಕ್ಕವಿಟ್ಟುಕೊಂಡೇ ಇದ್ದನೋ ಏನೋ, “ಈ ಸಲ ಏನು ತರ್ತಾಳೆ? ತನ್ನ ಬೆಕ್ಕು ತರ್ತಾಳಾ?” ಎಂದು ದೋಣಿಯ ಹತ್ತಿರ ನಾಲ್ಕು ಜನರ ಮುಂದೆ ಅಂದ. ಆ ಮಾತು ಅವಳಿಗೆ ಮುಟ್ಟಲು ಎಷ್ಟು ಹೊತ್ತು ಬೇಕು? ಅಂದೇ ಅವಳು ನೇರ ಕಬುನಾರೆಯ ಮನೆಗೇ ಹೋದಳು. ನಮ್ಮಲ್ಲಿ ಮನೆ ಬಾಗಿಲಿಗೆ ಬಂದು ಕೈಯೊಡ್ಡಿ ಕೇಳಿದ್ದನ್ನು ಇಲ್ಲ ಎನ್ನುವಂತಿಲ್ಲ. ಕಬುನಾರೆಯ ಹೆಂಡತಿ ರೆರೆಯಾ ಒಲೆಯ ಮುಂದಿದ್ದಳಂತೆ.

“ರೆರೆಯಾ, ನಂಗೊಂದು ಹಂದಿ ಬೇಕು.”

“ಯಾತಕ್ಕೆ?”

“ನಿನ್ನ ಗಂಡನಿಗೆ ಉಣ್ಸೋಕೆ.”

ರೆರೆಯಾ ಒಲೆಯ ಮೇಲಿನ ಪಾತ್ರೆ ಇಳಿಸಿ, ದೊಡ್ಡಿಗೆ ಹೋಗಿ, ಇದ್ದುದರಲ್ಲಿ ಕೊಬ್ಬಿದ್ದನ್ನೇ ಆರಿಸಿ ಹಗ್ಗ ಕಟ್ಟಿದಳಂತೆ. ಸಭೆಯ ದಿನ ಅದನ್ನು ಹಿಡಿದುಕೊಂಡು ಬಂದವಳೂ ಅವಳೇ. ಕಬುನಾರೆ ಸೂರಿನಡಿಯಿಂದ ಬಗ್ಗಿ ನೋಡಿದ, ಮತ್ತೊಮ್ಮೆ ನೋಡಿದ.

“ಏ, ಇದು ನಮ್ಮ ಹಂದಿ!”

“ನಮ್ಮದೇ” ಎಂದಳು ರೆರೆಯಾ. “ಮೊಯಾನಿಬಾ ಕೇಳಿದ್ಲು. ಕೊಡ್ಬಾರ್ದಿತ್ತಾ?”

ಈ ಸಲ ನಗು ಹೆಂಗಸರ ಕಡೆಯಿಂದಷ್ಟೇ ಬರಲಿಲ್ಲ. ತೆಬೌ ಅಜ್ಜ ವಸಡಿನಿಂದಲೇ ನಕ್ಕ. ಮಾಂಸ ಹಂಚುವಾಗ ಕಬುನಾರೆ ಮುಖ ತಿರುಗಿಸಿಕೊಂಡಿದ್ದ. “ತಿನ್ನಪ್ಪಾ, ಚೆನ್ನಾಗಿ ಬೆಂದಿದೆ. ನಿಮ್ಮನೆಯವರು ಚೆನ್ನಾಗೇ ಸಾಕಿದಾರೆ” ಎಂದ ಅಜ್ಜ.

ಅಲ್ಲಿಗೆ ದಂಡ ನಿಂತಿತು. ಆ ಜಾಗ ಅವಳದೇ ಎಂದು ಯಾರೂ ಒಪ್ಪಲಿಲ್ಲ, ಏಳು ಎಂದೂ ಯಾರೂ ಅನ್ನಲಿಲ್ಲ. ಅವಳು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ನಡೆದುಕೊಂಡರು. ಎಳನೀರು ಹಂಚುವ ಹುಡುಗರು ಅವಳನ್ನು ದಾಟಿ ಮುಂದಿನವರಿಗೆ ಕೊಡುತ್ತಿದ್ದರು. ಅವಳ ಕಲ್ಲಿನ ಮೇಲಿನ ಸೂರು ಸೋರಿದರೆ ಯಾರೂ ಹತ್ತುತ್ತಿರಲಿಲ್ಲ, ತಾನೇ ಹತ್ತಿ ಗರಿ ಬದಲಿಸುತ್ತಿದ್ದಳು. ಅವಳು ಬಾಯಿ ತೆರೆದರೆ ಹಿರಿಯರು ತಮ್ಮತಮ್ಮಲ್ಲೇ ಬೇರೆ ಮಾತು ತೆಗೆಯುತ್ತಿದ್ದರು. ಮನೆಗೆ ಬಂದು ಅವಳು ಅತ್ತದ್ದನ್ನು ನಾನು ಒಂದು ಸಲ ಕಂಡಿದ್ದೇನೆ. ಚಾಪೆಯ ಮೇಲೆ ಬೋರಲು ಮಲಗಿದ್ದಳು.

“ಬಿಟ್ಟುಬಿಡು ಚಿಕ್ಕಮ್ಮ. ಸಾಕಷ್ಟು ತೋರ್ಸಿದೀಯ” ಎಂದೆ.

“ನಾನು ಯಾರಿಗೂ ಏನೂ ತೋರ್ಸೋಕೆ ಕೂತಿಲ್ಲ ಕಣೋ. ನಾನು ಎದ್ದರೆ ಆ ಜಾಗದ ಹೆಸರು ಕರೆಯೋರು ಇರಲ್ಲ. ನಮ್ಮಪ್ಪ, ನಮ್ಮಜ್ಜ, ಎಲ್ಲ ಇನ್ನೊಂದ್ಸಲ ಸಾಯ್ತಾರೆ. ಅಷ್ಟೇ.” ಮೂಗು ಒರೆಸಿಕೊಂಡು ಎದ್ದಳು. “ಚುಟ್ಟ ಇದ್ಯಾ?”

ಆ ವರ್ಷ ಸಮುದ್ರ ಹಿಂದೆಂದೂ ಇಲ್ಲದ ಹಾಗೆ ಉಬ್ಬಿತು. ಹುಣ್ಣಿಮೆಯ ಅಲೆ ದಿಬ್ಬ ಹತ್ತಿ ಬಂದು ಬಾವಿಗಳಿಗೆ ಇಳಿಯಿತು. ಕೆಸುವಿನ ಗುಂಡಿಗಳಿಗೆ ಉಪ್ಪು ನುಗ್ಗಿ ಎಲೆಗಳು ಹಳದಿಯಾದವು. ಮಾನೆಯಾಬಾದ ಪಡುವಣ ಕಲ್ಲುಗಳ ಬುಡದ ಮರಳು ಕೊಚ್ಚಿಹೋಯಿತು. ನೀರಿಳಿದ ಮೇಲೆ ನೋಡಿದರೆ ಒಂದು ಕಲ್ಲು ವಾಲಿತ್ತು.

ಕೆಲವು ವಾರಗಳಾದ ಮೇಲೆ ಸರ್ಕಾರದ ಕಡೆಯಿಂದ ಬರಾನಿಕೊ ಎಂಬ ಅಧಿಕಾರಿ ಬಂದ. ಬಡಗಣ ದ್ವೀಪದವನು, ಮೂವತ್ತರ ಹರೆಯ, ಇಸ್ತ್ರಿ ಮಾಡಿದ ಅಂಗಿ. ಸೂರಿನಡಿ ಬಗ್ಗಿ ಒಳಗೆ ಬಂದವನನ್ನು ಕಬುನಾರೆ ಕೂಗಿದ. “ಬಾಪ್ಪಾ, ಇಲ್ಲಿ ಬಾ, ನನ್ನ ಪಕ್ಕ ಕೂತ್ಕೊ.”

ಹುಡುಗ ನಿಂತಲ್ಲೇ ನಿಂತ. ಅವನನ್ನು ಬೆಳೆಸಿದವಳು ಅವನ ಅಜ್ಜಿ. ಬೇರೆ ಊರಿನ ಮಾನೆಯಾಬಾದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಕಲಿಸಿಯೇ ಕಳಿಸಿದ್ದಳು. “ಕ್ಷಮಿಸಿ ಅಜ್ಜ. ನಿಮ್ಮಲ್ಲಿ ಪರಸ್ಥಳದವರ ಜಾಗ ಯಾವ್ದು?” ಎಂದು ಕೇಳಿದ.

ತೆಬೌ ಅಜ್ಜ ನೆಲ ನೋಡುತ್ತಿದ್ದ. ಮೂಡಣ ತುದಿಯಲ್ಲಿ ಚಿಕ್ಕಮ್ಮ ತನ್ನ ಚಾಪೆಯನ್ನು ಅಂಗೈಯಿಂದ ತಟ್ಟಿದಳು. ಹುಡುಗ ಹೋಗಿ ಅವಳ ಪಕ್ಕ ಕೂತ. ಅವಳು ತಾನು ತಂದಿದ್ದ ಎಳನೀರನ್ನು ಕೆತ್ತಿ ಕೊಟ್ಟಳು, ಅವನು ಕುಡಿಯುವವರೆಗೆ ಕಾದಳು, ಅವನಪ್ಪನ ಹೆಸರು, ಅಜ್ಜನ ಹೆಸರು, ಊರು ಕೇಳಿದಳು. ಆಮೇಲೆ ತಲೆಯೆತ್ತಿ, ಅವಳಪ್ಪ ಹೇಳುತ್ತಿದ್ದ ಅದೇ ರಾಗದಲ್ಲಿ ಅವನ ಹೆಸರು ಹೇಳಿ, “ಇವನು ನಮ್ಮವನು” ಎಂದಳು. ಆ ಮಾತು ಸೂರಿನಡಿ ಕೇಳಿ ಬಹಳ ಕಾಲವಾಗಿತ್ತು.

ಬರಾನಿಕೊ ತಂದ ಸುದ್ದಿ ಒಳ್ಳೆಯದೇ. ಹೊರದೇಶದ ನೆರವು ಬಂದಿದೆ, ಇದೇ ಜಾಗದಲ್ಲಿ ನೆಲ ಎತ್ತರಿಸಿ ಗಟ್ಟಿ ಕಟ್ಟಡ ಕಟ್ಟಿಕೊಡುತ್ತಾರೆ.

“ಸಿಮೆಂಟಿನ ಗೋಡೆ, ತಗಡಿನ ಸೂರು, ವೇದಿಕೆ, ಕುರ್ಚಿ, ಪಕ್ಕದಲ್ಲಿ ಶೌಚಾಲಯ. ಗಾಳಿ ಮಳೆ ಬಂದ್ರೆ ಮಕ್ಕಳು ಮರಿ ಒಳಗೆ ಮಲಗ್ಬಹುದು. ಹೆಸರು ಏನ್ ಬೇಕಾದ್ರೂ ಇಟ್ಕೊಳ್ಳಿ. ಸಭಾಂಗಣ ಅನ್ನಿ, ಸಮುದಾಯ ಭವನ ಅನ್ನಿ, ಹಾಲ್ ಅನ್ನಿ, ಮಾನೆಯಾಬಾ ಅಂತಾನೇ ಅನ್ನಿ. ಎಲ್ಲ ಒಂದೇ, ಜನ ಸೇರೋ ಜಾಗ.”

ಹಿರಿಯರಲ್ಲಿ ಹಲವರಿಗೆ ಇಷ್ಟವಾಯಿತು. ಕಬುನಾರೆ ಆಗಲೇ ಕುರ್ಚಿಗಳ ಬಣ್ಣ ಕೇಳುತ್ತಿದ್ದ. ಆಗ ಬರಾನಿಕೊನ ಪಕ್ಕದಿಂದಲೇ ಧ್ವನಿ ಬಂತು.

“ಎಲ್ಲ ಒಂದೇನಾ ಮಗಾ?”

ಸುದ್ದಿ ಒಪ್ಪಿಸಲು ಬಂದವನನ್ನು ಕೂರಿಸಿದವಳು ಅವಳು. ಅವಳ ಪ್ರಶ್ನೆಗೆ ಅವನು ಉತ್ತರ ಕೊಡಲೇಬೇಕು, ಈಗ ಹಿರಿಯರು ಬೇರೆ ಮಾತು ತೆಗೆಯುವಂತಿರಲಿಲ್ಲ.

“ಪೇಟೆಗೆ, ತರಾವಾ ಆಸ್ಪತ್ರೆಗೆ ಹೋದಾಗ ನಾನೂ ಹಾಲ್ ಅಂತ ಒಂದು ನೋಡಿದೀನಿ. ಒಳಗೆ ಮದುವೆ ಊಟ ನಡೀತಿತ್ತು. ಹೊರಗೆ ಮಳೆ. ನಿಂತ್ಕೊಳ್ಳೋಣ ಅಂತ ಹೋದ್ರೆ ಬಾಗಿಲಲ್ಲಿ ಒಬ್ಬ, ‘ಯಾರ ಕಡೆಯವ್ರು ನೀವು?’ ಅಂದ. ಯಾರ ಕಡೆಯವಳೂ ಅಲ್ಲ ಅಂದೆ. ಬಾಗಿಲು ಹಾಕ್ಕೊಂಡ. ಅದು ಹಾಲ್. ಬಾಗಿಲಿದ್ರೆ ಅದನ್ನ ಹಾಕೋನೂ ಒಬ್ಬ ಇರ್ತಾನೆ. ಈ ಮಾನೆಯಾಬಾದಲ್ಲಿ ಬಾಗಿಲು ಎಲ್ಲಿದೆ, ತೋರ್ಸು ನೋಡೋಣ.”

“ಅಮ್ಮಾ, ಬಾಗಿಲು ನಿಮ್ಮ ರಕ್ಷಣೆಗೆ...”

“ಕುರ್ಚಿ ಎಲ್ಲ ಯಾವ ಕಡೆ ಮುಖ ಮಾಡಿರತ್ತೆ?”

“ವೇದಿಕೆ ಕಡೆ.”

“ಅಂದ್ರೆ ಅಲ್ಲಿ ಇರೋನು ಒಬ್ಬನೇ ಮಾತಾಡ್ತಾನೆ, ಉಳಿದೋರು ಮುಂದಿನವರ ತಲೆ ನೋಡ್ತಾ ಕೂರ್ತಾರೆ. ಇಲ್ಲಿ ಹಾಗಲ್ಲ. ಸುತ್ತ ಕೂತಿದೀವಿ. ನಾನು ತೆಬೌ ಅಜ್ಜನ ಮುಖ ನೋಡ್ಲೇಬೇಕು, ಅಜ್ಜ ನನ್ನ ಮುಖ ನೋಡ್ಲೇಬೇಕು. ಇಷ್ಟ ಇರ್ಲಿ ಬಿಡ್ಲಿ.”

“ನಂಗಂತೂ ಅಷ್ಟೇನೂ ಇಷ್ಟ ಇಲ್ಲ ಕಣಮ್ಮ” ಎಂದ ತೆಬೌ ಅಜ್ಜ. ಸೂರೇ ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ದಂಡ ನಿಂತ ಮೇಲೆ ಅವಳು ಮೊದಲ ಬಾರಿಗೆ ಅಜ್ಜನಿಂದ ಸಭೆಯಲ್ಲಿ ಉತ್ತರ ಪಡೆದಿದ್ದಳು. ನಗುವಿನಲ್ಲಿ ಅದು ಹೆಚ್ಚಿನವರಿಗೆ ತಿಳಿಯಲಿಲ್ಲ.

ಬರಾನಿಕೊ ಸೋಲುವ ಹುಡುಗನಲ್ಲ. ನಗು ಇಳಿದ ಮೇಲೆ ಮೆತ್ತಗೆ ಹೇಳಿದ: “ನೀವು ಹೇಳೋದು ಸರಿ ಇರ್ಬಹುದು ಅಮ್ಮಾ. ಆದ್ರೆ ಸಮುದ್ರ ಬಂದಾಗ ಯಾರ ಜಾಗ ಯಾವ್ದು ಅಂತ ಕೇಳಲ್ಲ. ಆ ಕಲ್ಲು ಆಗ್ಲೇ ವಾಲಿದೆ. ಇನ್ನೊಂದು ಅಲೆ ಸಾಕು. ಸೂರಿನಡಿ ಮಕ್ಕಳಿದ್ರೆ?”

ಚಿಕ್ಕಮ್ಮ ಪಡುವಣದ ಕಡೆ ತಿರುಗಿದಳು. ಅವಳು ವಾಲಿದ ಕಲ್ಲನ್ನೇ ನೋಡುತ್ತಿದ್ದಳು. ಅಲ್ಲಿಗೆ ನಿಲ್ಲಿಸಿದ್ದರೆ ಬರಾನಿಕೊ ಗೆಲ್ಲುತ್ತಿದ್ದ. ಅವನು ಇನ್ನೊಂದು ಮಾತು ಸೇರಿಸಿದ.

“ಹಳೇ ಕಲ್ಲುಗಳೂ ಹಾಳಾಗಲ್ಲ. ಒಡೆದು ಜಲ್ಲಿ ಮಾಡ್ಕೊಂಡ್ರೆ ಅಡಿಪಾಯಕ್ಕೆ ಆಗತ್ತೆ.”

ಪ್ರತಿಯೊಬ್ಬ ಹಿರಿಯನ ಬೆನ್ನ ಹಿಂದೆ ಅವನವನ ಕಲ್ಲಿತ್ತು. ಕೆಲವರ ಕೈ ಗೊತ್ತಿಲ್ಲದೆ ಹಿಂದಕ್ಕೆ ಹೋಗಿ ಅದನ್ನು ಮುಟ್ಟಿತು. ಕಬುನಾರೆಯ ಕೈಯೂ.

“ಯಾರ ಕಲ್ಲನ್ನ ಮೊದಲು ಒಡೀತೀಯ ಮಗಾ?” ಎಂದ ತೆಬೌ ಅಜ್ಜ.

ಬರಾನಿಕೊಗೆ ತಾನು ಏನಂದೆನೆಂದು ಆಗ ತಿಳಿಯಿತು. ತಲೆ ತಗ್ಗಿಸಿದ. ಚಿಕ್ಕಮ್ಮ ಅವನ ಮಂಡಿ ತಟ್ಟಿ, “ಇರ್ಲಿ ಬಿಡು, ನೀನು ಕೆಟ್ಟದಕ್ಕೆ ಹೇಳ್ಲಿಲ್ಲ” ಎಂದಳು. ಆಮೇಲೆ ಸಭೆಗೆ ಹೇಳಿದಳು: “ಇವನು ಸಮುದ್ರದ ಬಗ್ಗೆ ಹೇಳಿದ್ದು ನಿಜ. ಇಲ್ಲಿ ಇರೋಕಾಗಲ್ಲ. ಆದ್ರೆ ಒಡೆಯೋದ್ಯಾಕೆ? ಎತ್ಕೊಂಡು ಒಳಗೆ ಹೋಗೋಣ, ದ್ವೀಪದ ನಡು ಎತ್ತರಕ್ಕೆ. ನಮ್ಮ ಕಲ್ಲು, ನಮ್ಮ ಸೂರು.”

ಮಾತು ಮೂರು ದಿನ ನಡೆಯಿತು. ನಮ್ಮಲ್ಲಿ ಕೈಯೆತ್ತಿಸಿ ಎಣಿಸುವುದಿಲ್ಲ, ಎಲ್ಲರೂ ಒಪ್ಪುವ ತನಕ ಮಾತಾಡುತ್ತೇವೆ. ಕೊನೆಗೆ ಒಪ್ಪಿದರು. ಸರ್ಕಾರದ ಕಟ್ಟಡ ಚಿಕಿತ್ಸಾಲಯದ ಪಕ್ಕ ಎದ್ದಿತು. ಅದು ಉಪಯೋಗಕ್ಕೂ ಬಂತು, ಮಕ್ಕಳಿಗೆ ಚುಚ್ಚುಮದ್ದು ಹಾಕುವುದು ಅಲ್ಲೇ. ನಾವದನ್ನು ಹಾಲ್ ಎಂದೇ ಕರೆಯುತ್ತೇವೆ.

ಮಾನೆಯಾಬಾ ಎತ್ತುವುದೆಂದರೆ ಮೊದಲು ಸೂರು ಬಿಚ್ಚಬೇಕು, ತೊಲೆಗಳ ನಾರಿನ ಕಟ್ಟು ಬಿಚ್ಚಬೇಕು, ಆಮೇಲೆ ಕಲ್ಲುಗಳು. ಕಲ್ಲಿನ ಕಟ್ಟಳೆ ಹಳೆಯದು: ಹೊತ್ತವರ ಮನೆತನದ್ದೇ ಜಾಗ. ಅದಕ್ಕೇ ಒಂದೊಂದು ಮನೆತನದ ಗಂಡಸರು ತಮ್ಮ ತಮ್ಮ ಕಲ್ಲು ಅಗೆದು, ಕೋಲು ಕೊಟ್ಟು, ಹಾಡು ಹೇಳುತ್ತ ಹೊತ್ತು ನಡೆದರು. ಮೂಡಣ ತುದಿಯ ಕಲ್ಲು ಹಾಗೇ ನಿಂತಿತ್ತು. ಚಿಕ್ಕಮ್ಮ ಅದರ ಬುಡವನ್ನು ಒಬ್ಬಳೇ ಚಿಪ್ಪಿನಿಂದ ಅಗೆಯುತ್ತಿದ್ದಳು.

ಕಬುನಾರೆ ಬೆವರು ಒರೆಸಿಕೊಳ್ಳುತ್ತ ಬಂದ. ಹಿಂದೆ ಮಕ್ಕಳೂ ಮೊಮ್ಮಕ್ಕಳೂ.

“ತಂಗೀ, ಈಗಲಾದ್ರೂ ಹಟ ಬಿಡು. ನಮ್ಮ ಹುಡುಗರು ಎತ್ತಿಡ್ತಾರೆ. ಕಟ್ಟಳೆ ನಿಂಗೂ ಗೊತ್ತು.”

“ಗೊತ್ತು. ಅದಕ್ಕೇ ಬೇಡ ಅಂತಿರೋದು.”

ನಾನು ಮುಂದೆ ಹೋದೆ. “ನಾವು ಹೊರ್ತೀವಿ ಚಿಕ್ಕಮ್ಮ.”

“ನೀವು ಹೊತ್ರೆ ಅದು ನಿಮ್ಮನೆ ಜಾಗ ಆಗತ್ತೆ ಕಣೋ. ನಾನು ನಿಮ್ಮನೆ ಸೊಸೆ, ಸರಿ. ಈ ಕಲ್ಲು ನಿಮ್ಮನೆ ಸೊಸೆ ಅಲ್ಲ.”

“ಮತ್ತೆ ಇದನ್ನ ಯಾರು ಹೊರ್ಬೇಕು? ಅಲೆ ಬಂದು ಹೊರ್ಬೇಕಾ?” ಎಂದ ಕಬುನಾರೆ.

ಚಿಕ್ಕಮ್ಮ ಎದ್ದು ನಿಂತಳು. ನಗತೊಡಗಿದಳು, ಮತ್ತು ಆ ನಗು ಎಂಥದ್ದೆಂದು ನಮಗೆಲ್ಲ ಗೊತ್ತಿತ್ತು. “ಅಣ್ಣಾ, ಹೆಂಗಸರಿಗೆ ಮಾನೆಯಾಬಾದಲ್ಲಿ ಜಾಗ ಇಲ್ಲ ಅಂತ ನೀವೇ ಅಲ್ವಾ ಹೇಳಿದ್ದು? ಹಾಗಾದ್ರೆ ಹೆಂಗಸರು ಹೊತ್ರೆ ಈ ಕಲ್ಲು ಅವರ್ಯಾರ ಜಾಗಾನೂ ಆಗಲ್ಲ. ನನ್ನದೇ ಆಗಿರತ್ತೆ.”

ಕಬುನಾರೆ ತೆಬೌ ಅಜ್ಜನ ಕಡೆ ನೋಡಿದ. ಅಜ್ಜ ತೆಂಗಿನ ಮರಕ್ಕೊರಗಿ ಕೂತಿದ್ದವನು ಕಣ್ಣು ಮುಚ್ಚಿಕೊಂಡು, “ಕಟ್ಟಳೆ ಪ್ರಕಾರ ಅವಳು ಹೇಳಿದ್ದು ಸರಿ” ಎಂದ.

ಹೆಂಗಸರು ಬಂದರು. ಹೊದಿಕೆಯ ಗರಿ ಹೊರುತ್ತಿದ್ದವರು ಕಟ್ಟು ಇಳಿಸಿ ಬಂದರು, ಅಡುಗೆ ಮಾಡುತ್ತಿದ್ದವರು ಮಸಿಗೈಯಲ್ಲೇ ಬಂದರು. ಗಂಡಸರ ಹಾಗೆ ಹೆಗಲ ಮೇಲೆ ಹೊರಲು ಆಗುವುದಿಲ್ಲವೆಂದು ತೆಂಗಿನ ದಿಮ್ಮಿಗಳನ್ನು ಅಡ್ಡ ಹಾಕಿ, ಕಲ್ಲನ್ನು ಅದರ ಮೇಲೆ ಮಲಗಿಸಿ, ನಾರಿನ ಹಗ್ಗದಿಂದ ಎಳೆದರು. ರೆರೆಯಾ ಮುಂದಿನ ಹಗ್ಗ ಹಿಡಿದಳು. ಹಾಡು ಅವರದೇ, ಗಂಡಸರ ಕಲ್ಲಿನ ಹಾಡಿಗೆ ತಮಗೆ ಬೇಕಾದ ಮಾತು ಹಾಕಿಕೊಂಡಿದ್ದರು, ಅದರಲ್ಲಿ ಕೆಲವನ್ನು ನಾನು ಇಲ್ಲಿ ಬರೆಯುವಂತಿಲ್ಲ. ಗಂಡಸರು ದೂರ ನಿಂತು ನೋಡುತ್ತಿದ್ದರು.

ಏರಿನಲ್ಲಿ ಹಗ್ಗ ಹರಿಯಿತು. ಕಲ್ಲು ಜಾರಿ ಪಕ್ಕಕ್ಕೆ ಉರುಳಿ ಚಿಕ್ಕಮ್ಮನ ಎಡಗಾಲಿನ ಮೇಲೆ ಬಿತ್ತು. ಕಲ್ಲಿನ ಮೂಲೆಯೊಂದು ಹೋಳಾಗಿ ಹಾರಿತು. ನಾವೆಲ್ಲ ಓಡಿದೆವು. ಎರಡು ಬೆರಳು ಜಜ್ಜಿಹೋಗಿದ್ದವು, ಮರಳು ಕೆಂಪಾಗಿತ್ತು. ಅವಳ ಮುಖ ಬೂದಿಯಂತಾಗಿತ್ತು. ನಾನು ಅವಳನ್ನು ಎತ್ತಲು ಹೋದೆ.

“ಮುಟ್ಬೇಡ. ನನ್ನನ್ನೂ ಮುಟ್ಬೇಡ, ಕಲ್ಲನ್ನೂ ಮುಟ್ಬೇಡ” ಎಂದಳು.

ರೆರೆಯಾ ತನ್ನ ಲುಂಗಿಯ ಅಂಚು ಹರಿದು ಅವಳ ಕಾಲು ಕಟ್ಟಿದಳು. ಚಿಕ್ಕಮ್ಮ ಕಲ್ಲಿನ ಮೇಲೆಯೇ ಕೂತು ಚುಟ್ಟ ಕೇಳಿದಳು. ರೆರೆಯಾಳೇ ಹಚ್ಚಿಕೊಟ್ಟಳು. ಅದನ್ನು ಪೂರ್ತಿ ಸೇದಿ ಮುಗಿಸಿದಳು. ಆಮೇಲೆ ಅವಳು ಪಕ್ಕಕ್ಕೆ ಸರಿದು, “ಇನ್ನೊಂದು ಹಗ್ಗ ತನ್ನಿ” ಎಂದಳು.

ಮಾರನೆಯ ದಿನ ಮಧ್ಯಾಹ್ನದ ಹೊತ್ತಿಗೆ ಕಲ್ಲು ಎತ್ತರದ ಮೇಲೆ, ಮೂಡಣ ತುದಿಯಲ್ಲಿ, ನಿಂತಿತು. ಮೂಲೆ ಮುರಿದದ್ದರಿಂದ ಉಳಿದವಕ್ಕಿಂತ ಸ್ವಲ್ಪ ಗಿಡ್ಡ.

ಸೂರು ಏರಿ ಮುಗಿಯಲು ತಿಂಗಳುಗಳೇ ಹಿಡಿದವು. ಹೊಸ ಮಾನೆಯಾಬಾದ ಮೊದಲ ಸಭೆಯಲ್ಲಿ ತೆಬೌ ಅಜ್ಜ ಪದ್ಧತಿಯಂತೆ ಒಂದೊಂದೇ ಮನೆತನದ ಹೆಸರು ಕೂಗಿದ. ಪ್ರತಿ ಜಾಗದಿಂದ ಒಬ್ಬೊಬ್ಬ ಹಿರಿಯ ‘ಇದ್ದೀವಿ’ ಎಂದ. ಕಬುನಾರೆಯ ಹೆಸರಾದ ಮೇಲೆ ಚಿಕ್ಕಮ್ಮನ ಅಪ್ಪನ ಮನೆತನದ ಹೆಸರನ್ನೂ ಉಳಿದವುಗಳಂತೆಯೇ ಕೂಗಿದ.

“ಇದ್ದೀವಿ” ಎಂದಳು ಚಿಕ್ಕಮ್ಮ. ಎಳನೀರು ಹಂಚುವವರು ಅಂದು ಅವಳನ್ನು ದಾಟಿ ಹೋಗಲಿಲ್ಲ.

ಇದಾಗಿ ಕೆಲವು ವರ್ಷಗಳಾದವು. ಅವಳು ಈಗಲೂ ಅಲ್ಲೇ ಕೂರುತ್ತಾಳೆ, ಕುಂಟುತ್ತ ಬರುತ್ತಾಳೆ. ಅವಳಿಂದ ಎಲ್ಲರಿಗೂ ಸುಖವಾಗಿದೆ ಎಂದೇನೂ ನಾನು ಹೇಳಲಾರೆ. ಈ ಸಲದ ಸಭೆಯಲ್ಲಿ ಅವಳೇ ಎತ್ತಿದ ವಿಷಯ ಒಳಗಡಲಿನ ಚಿಪ್ಪುಮೀನಿನದು. ಮರಳುದಿಬ್ಬದಲ್ಲಿ ಚಿಪ್ಪು ಸಣ್ಣದಾಗುತ್ತಿದೆ, ಒಂದು ವರ್ಷ ಯಾರೂ ಹೆಕ್ಕಬಾರದು ಎಂದಳು. ಚಿಪ್ಪು ಹೆಕ್ಕುವವರು ಹೆಂಗಸರು. ಹಿಂದಿನಿಂದ ಗದ್ದಲವೆದ್ದಿತು. ಎಲ್ಲಕ್ಕಿಂತ ಜೋರು ರೆರೆಯಾಳದು.

“ಏನೇ ಇದು! ಗಂಡಸರ ಬಲೆ ಬಿಟ್ಟು ನಮ್ಮ ಬುಟ್ಟಿಗೇ ಕೈ ಹಾಕ್ತೀಯಾ? ನಮ್ಮ ಮಕ್ಕಳು ಏನು ತಿನ್ಬೇಕು?”

ಚಿಕ್ಕಮ್ಮ ತಿರುಗಿ ನೋಡಲಿಲ್ಲ. “ಹಿಂದಿನಿಂದ ಕೂಗಿದ್ರೆ ನಂಗೆ ಕೇಳಲ್ಲ. ಬೇಡ ಅನ್ನೋದಿದ್ರೆ ಮುಂದೆ ಬಂದು ಕೂತು ಹೇಳು.”

ರೆರೆಯಾ ಎದ್ದಳು. ಕಬುನಾರೆ ಹೆಂಡತಿಯ ಕಡೆ ನೋಡಿದ, ಅವಳು ಅವನ ಕಡೆ ನೋಡಲಿಲ್ಲ. ಸೊಂಟ ಬಗ್ಗಿಸಿ ಗಂಡಸರ ನಡುವಿನಿಂದ ಹಾದು, ಗಂಡನ ಚಾಪೆಯ ಮೇಲೆ, ಅವನ ಪಕ್ಕದಲ್ಲೇ, ಚಿಕ್ಕಮ್ಮನ ಕಡೆ ಮುಖ ಮಾಡಿ ಕೂತಳು. ಕಬುನಾರೆ ಸ್ವಲ್ಪ ಯೋಚಿಸಿ ಸರಿದು ಜಾಗ ಕೊಟ್ಟ.

“ಈಗ ಕೇಳತ್ತಾ?” ಎಂದಳು ರೆರೆಯಾ.

“ಈಗ ಕೇಳತ್ತೆ.”

ಸಂಜೆಯಾಗುವ ತನಕ ಇಬ್ಬರೂ ಜಗಳವಾಡಿದರು. ಚಿಪ್ಪಿನ ಮಾತು ಇನ್ನೂ ಇತ್ಯರ್ಥವಾಗಿಲ್ಲ.